ಶರ್ಮನ್ ಟ್ಯಾಂಕ್ ಮಾದರಿ: 1/35 ಕೊಳ್ಳುವುದೋ, 1/72 ಕೊಳ್ಳುವುದೋ?

ಬಿಡಿಭಾಗ ಜೋಡಿಸಿ ಬಣ್ಣ ಬಳಿಯುವ ಈ ಮಾದರಿಗಳಲ್ಲಿ 1/35 ಅಂದರೆ ನಿಜವಾದ ಟ್ಯಾಂಕಿನ ಉದ್ದದ 35ರಲ್ಲೊಂದು ಪಾಲು, 1/72 ಅಂದರೆ 72ರಲ್ಲೊಂದು. ದಿನಕ್ಕೆ ಅರ್ಧ ಗಂಟೆಯಷ್ಟೇ ಬಿಡುವಿರುವವರಿಗೆ ನನ್ನ ಮತ 1/72ಕ್ಕೆ. ಎರಡನೇ ಮಹಾಯುದ್ಧದ ಶರ್ಮನ್ ಟ್ಯಾಂಕಿನ ಉದ್ದ ಸುಮಾರು 5.8 ಮೀಟರ್. 1/35ರಲ್ಲಿ ಅದು 17 ಸೆಂ.ಮೀ. ಆಗುತ್ತದೆ, 1/72ರಲ್ಲಿ 8. ಉದ್ದ ಅರ್ಧವಾದರೆ ಬಣ್ಣ ಬಳಿಯಬೇಕಾದ ಮೈ ಕಾಲುಭಾಗಕ್ಕೆ ಇಳಿಯುತ್ತದೆ. ದೊಡ್ಡದರಲ್ಲಿ ತುಕ್ಕು, ಕೆಸರು, ಬಣ್ಣ ಸುಲಿದ ಅಂಚುಗಳನ್ನು ಮೂಡಿಸುವ ಸುಖವೇ ಬೇರೆ, ಒಪ್ಪುತ್ತೇನೆ. ಆದರೆ ಚಕ್ರಗಳನ್ನು ಸುತ್ತುವ ಚೈನು ಒಂದೊಂದೇ ಕೊಂಡಿ ಜೋಡಿಸಬೇಕಾದಂಥದ್ದು ಬಂದರೆ ಭಾನುವಾರಗಳೆಲ್ಲ ಅದಕ್ಕೇ ಅರ್ಪಿತ. ಚಿಕ್ಕದಕ್ಕೆ ಭೂತಗನ್ನಡಿ ಬೇಕು, ಅಷ್ಟೇ.

ಬಣ್ಣ ಅಕ್ರಿಲಿಕ್ ಇರಲಿ: ತೆಳು ಪದರ ನಿಮಿಷಗಳಲ್ಲಿ ಒಣಗುತ್ತದೆ, ಕುಂಚ ತೊಳೆಯಲು ನೀರು ಸಾಕು. ಎನಾಮೆಲ್ ಬಣ್ಣ ಒಣಗಲು ಗಂಟೆಗಟ್ಟಲೆ ಕಾಯಿಸುತ್ತದೆ, ಕುಂಚ ತೊಳೆಯಲು ಥಿನ್ನರ್ ಎಂಬ ಘಾಟು ದ್ರಾವಕವೂ ಬೇಕು. ಬೆಳಗಾವಿಯ ಜುಲೈ ಮಳೆಯಲ್ಲಿ ಕಿಟಕಿ ಮುಚ್ಚಿಕೊಂಡು ಥಿನ್ನರ್ ವಾಸನೆ ಹಬ್ಬಿಸಿದರೆ ಮನೆಯವರು ಟ್ಯಾಂಕನ್ನೂ ನಿಮ್ಮನ್ನೂ ಒಟ್ಟಿಗೆ ಹೊರಗಿಡುತ್ತಾರೆ.