ಅಡಿಕೆ ಪತ್ರಿಕೆ: 2006ರಿಂದ ಓದುತ್ತಿರುವ ಶಿರಸಿಯ ತೋಟಿಗನ ಅನುಭವ

ನಮ್ಮ ಮನೆ ಶಿರಸಿಯಿಂದ 14 ಕಿಲೋಮೀಟರ್ ಒಳಗೆ. 3 ಎಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ನಡುನಡುವೆ ಬಾಳೆ, ಮೇಲೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಹುಬ್ಬಳ್ಳಿಯ ಕೆಲಸ ಬಿಟ್ಟು 2006ರಲ್ಲಿ ಊರಿಗೆ ಬಂದೆ. ಆ ವರ್ಷವೇ ಪುತ್ತೂರಿನ ಅಡಿಕೆ ಪತ್ರಿಕೆಗೆ ಚಂದಾ ಕಟ್ಟಿದೆ. ಮಧ್ಯೆ ಒಂದೇ ಒಂದು ವರ್ಷ ಬಿಟ್ಟಿದ್ದೆ, ಅದರ ಕಥೆ ಮುಂದೆ ಹೇಳುತ್ತೇನೆ. ತೋಟದ ಸುದ್ದಿಗೆ ದುಡ್ಡು ಕೊಡಬೇಕಾ, ಎಲ್ಲ ಮೊಬೈಲ್‌ನಲ್ಲಿ ಸಿಗುತ್ತದಲ್ಲ ಅಂತ ನಮ್ಮ ಕಡೆಯ ಹುಡುಗರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವೆನಿಲ್ಲಾ ವಿಷಯ ಹೇಳಬೇಕು. 2000ರಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿನ ವೆನಿಲ್ಲಾ ಬೆಳೆ ಹಾಳಾಗಿ, ಜಗತ್ತಿನಲ್ಲೆಲ್ಲ ರೇಟು ಏರಿತ್ತು. ನಮ್ಮಲ್ಲಿ 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಒಂದು ಪೇಪರಿನಲ್ಲಿ ವೆನಿಲ್ಲಾ ಬೆಳೆದು ಕಾರು ಕೊಂಡವರ ಫೋಟೋ ಬಂತು. ಅಪ್ಪಯ್ಯ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದ. ಸೊಸೈಟಿಯಲ್ಲಿ ಸಾಲ ಮಾಡಿ, ಒಂದೊಂದು ತುಂಡು ಬಳ್ಳಿಗೂ ದುಡ್ಡು ಕೊಟ್ಟು ತಂದು ನೆಟ್ಟ. ಆಯಿ (ಅಮ್ಮ) ದಿನಾ ಬೆಳಿಗ್ಗೆ ಬೇಗ ತೋಟಕ್ಕೆ ಹೋಗಿ ಹೂವು ಹೂವಿಗೂ ಕಡ್ಡಿಯಲ್ಲಿ ಪರಾಗ ಮುಟ್ಟಿಸುತ್ತಿದ್ದಳು, ಯಾಕೆಂದರೆ ಆ ಹೂವು ಅರಳುವುದು ಒಂದೇ ದಿನ, ಮಧ್ಯಾಹ್ನಕ್ಕೆಲ್ಲ ಬಾಡುತ್ತದೆ. ನಮ್ಮ ಬಳ್ಳಿ ಕೋಡು ಬಿಡುವ ಹೊತ್ತಿಗೆ ರೇಟು ನೆಲ ಕಚ್ಚಿತು. ಬೆಲೆ ಯಾಕೆ ಏರಿದೆ, ಎಷ್ಟು ದಿನ ಇರಬಹುದು, ಮಡಗಾಸ್ಕರ್‌ನವರು ಮತ್ತೆ ನೆಟ್ಟರೆ ಏನಾಗುತ್ತದೆ, ಇದ್ಯಾವುದೂ ಆ ಲೇಖನದಲ್ಲಿ ಇರಲಿಲ್ಲ. ಖರ್ಚಿನ ಲೆಕ್ಕವೂ ಇರಲಿಲ್ಲ. ಕಾರು ಕೊಂಡವರಿಗೆ ಒಂದು ಫೋನ್ ಮಾಡಿ ಕೇಳೋಣ ಅಂದರೆ ನಂಬರೂ ಇರಲಿಲ್ಲ.

ಹಾಗಾಗಿ ಅಡಿಕೆ ಪತ್ರಿಕೆ ಮೊದಲ ಸಲ ಕೈಗೆ ಬಂದಾಗ ನನ್ನ ಕಣ್ಣು ಹೋಗಿದ್ದು ಲೇಖನದ ಕೊನೆಗೆ. ಅಲ್ಲಿ ಆ ಕೃಷಿಕರ ಊರು, ಫೋನ್ ನಂಬರ್ ಇತ್ತು. ನನ್ನ ಮಟ್ಟಿಗೆ ನಾನು ಚಂದಾ ಕಟ್ಟುವುದು ಆ ಒಂದು ಸಾಲಿಗೆ. ಓದಿ ಅನುಮಾನ ಬಂದರೆ ಮಾಡಿದವರನ್ನೇ ಕೇಳಬಹುದು. ಫೋನ್ ಬರುತ್ತದೆ ಅಂತ ಗೊತ್ತಿರುವ ಮನುಷ್ಯ ಸುಮ್ನೆ ಉಬ್ಬಿಸಿ ಹೇಳುವುದಿಲ್ಲ, ಅಲ್ವಾ?

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದು 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ಮಾಸಪತ್ರಿಕೆ. ಕಟ್ಟಿ ಬೆಳೆಸಿದವರು ಶ್ರೀಪಡ್ರೆ. ಅವರೂ ಕೃಷಿಕರೇ. ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ ಅದರ ಕೆಟ್ಟ ಪರಿಣಾಮದ ಬಗ್ಗೆ ಮೊದಮೊದಲು ಬರೆದವರಲ್ಲಿ ಒಬ್ಬರು. ಪತ್ರಿಕೆಯ ನಂಬಿಕೆ ಒಂದೇ ಮಾತಿನದು, ‘ಕೃಷಿಕರ ಕೈಗೆ ಲೇಖನಿ’. ಅದೇ ಹೆಸರಿನಲ್ಲಿ ಕೃಷಿಕರಿಗೆ ಬರೆಯಲು ಕಲಿಸುವ ಶಿಬಿರಗಳನ್ನೂ ನಡೆಸಿದ್ದಾರೆ. ಅಡಿಕೆ ಅಂತ ಹೆಸರಿದ್ದರೂ ಒಳಗೆ ಹಲಸು, ನೀರಿಂಗಿಸುವುದು, ಚಿಕ್ಕಪುಟ್ಟ ಯಂತ್ರ, ಮನೆಯಲ್ಲೇ ಮಾಡುವ ಉಪಕರಣ, ಎಲ್ಲ ಇರುತ್ತದೆ. ಉದ್ದುದ್ದ ಭಾಷಣ ಇರುವುದಿಲ್ಲ. ಎಷ್ಟು ಖರ್ಚಾಯಿತು, ಎಲ್ಲಿ ತಪ್ಪಿತು ಅನ್ನುವುದು ಇರುತ್ತದೆ.

ಇನ್ನು ಬಿಟ್ಟ ವರ್ಷದ ಕಥೆ. 2018. ಆಗಷ್ಟೇ ಊರಿಗೆ ಇಂಟರ್ನೆಟ್ ಸರಿಯಾಗಿ ಬಂದಿತ್ತು. ವಾಟ್ಸಾಪ್‌ನಲ್ಲಿ ನಾಲ್ಕು ಕೃಷಿ ಗುಂಪು, ಯೂಟ್ಯೂಬ್‌ನಲ್ಲಿ ದಿನಕ್ಕೊಂದು ವಿಡಿಯೋ. ಇನ್ನು ಪತ್ರಿಕೆ ಯಾಕೆ ಅಂತ ಚಂದಾ ಮುಂದುವರಿಸಲಿಲ್ಲ. ಜೂನ್‌ನಲ್ಲಿ ಮೊದಲ ಮದ್ದು ಹೊಡೆಸುವ ಹೊತ್ತಿಗೆ ಒಂದು ಚಾನೆಲ್‌ನಲ್ಲಿ ನೋಡಿದೆ, ಸುಣ್ಣ ಅರ್ಧಕ್ಕೆ ಇಳಿಸಿದರೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಮದ್ದು) ಜಾಸ್ತಿ ಖಾರ ಆಗುತ್ತದೆ, ಕೊಳೆ ರೋಗ ಹತ್ತಿರ ಬರುವುದಿಲ್ಲ ಅಂತ. ನೋಡಿದವರು ಸಾವಿರಾರು ಜನ, ಕೆಳಗೆ ‘ಒಳ್ಳೆಯ ಮಾಹಿತಿ ಸರ್’ ಅಂತ ಸಾಲುಸಾಲು. ನಾನೂ ನಂಬಿದೆ. ಅಪ್ಪಯ್ಯನ ಕಾಲದಿಂದ ನಮ್ಮಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಆ ಸಲ ಸುಣ್ಣ ಅರ್ಧ ಕಿಲೋ.

ಒಂದು ವಾರಕ್ಕೆ ಮಿಳ್ಳೆ, ಅಂದರೆ ಎಳೆ ಅಡಿಕೆಕಾಯಿ, ಉದುರಲು ಶುರುವಾಯಿತು. ಕೊಳೆಯಾದರೆ ಕಾಯಿಯ ಮೇಲೆ ನೀರಿನ ಕಲೆ, ಬಿಳಿ ಬೂಸಲು ಕಾಣುತ್ತದೆ. ಇದರಲ್ಲಿ ಅದೇನೂ ಇಲ್ಲ, ಸಿಪ್ಪೆ ಸುಟ್ಟ ಹಾಗೆ ಕಂದು ಬಣ್ಣ. ಗುಂಪಿನಲ್ಲಿ ಫೋಟೋ ಹಾಕಿದೆ. 20 ನಿಮಿಷದಲ್ಲಿ 11 ಜನ 11 ಔಷಧಿ ಹೇಳಿದರು. ಚಾನೆಲ್‌ನವರಿಗೆ ಕೇಳಿದ್ದಕ್ಕೆ ಉತ್ತರವೇ ಇಲ್ಲ.

ಆ ಸಂಜೆ ಅಟ್ಟ ಹತ್ತಿ ಹಳೆಯ ಸಂಚಿಕೆಗಳ ಕಟ್ಟು ಇಳಿಸಿದೆ. ಬೋರ್ಡೋ ಬಗ್ಗೆ ಬರೆದಿದ್ದ ಪುತ್ತೂರು ಕಡೆಯ ಒಬ್ಬ ಹಿರಿಯರ ನಂಬರ್ ಸಿಕ್ಕಿತು. ಸಂಚಿಕೆ ಹಳೆಯದು, ನಂಬರ್ ನಡೆಯುತ್ತದೋ ಇಲ್ಲವೋ ಅಂದುಕೊಂಡೇ ಒತ್ತಿದೆ. ಎತ್ತಿದರು. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಮದ್ದು ಬಿಡುವ ಮೊದಲು ಕತ್ತಿ ಅದ್ದಿ ನೋಡಿದ್ದೀರಾ?”

ಇಲ್ಲ ಅಂದೆ. “ಹಾಗಾದರೆ ಈಗ ನೋಡಿ, ಫೋನ್ ಇಡಬೇಡಿ” ಅಂದರು. ಡ್ರಮ್ಮಿನ ತಳದಲ್ಲಿ ಸ್ವಲ್ಪ ಮದ್ದು ಉಳಿದಿತ್ತು. ಕತ್ತಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಮಾಡಿ ಅದ್ದಿದೆ. ಅವರು ಆ ಕಡೆ ಸುಮ್ಮನೆ ಕಾಯುತ್ತಿದ್ದರು. ತೆಗೆದು ನೋಡಿದರೆ ಅಲಗಿನ ಮೇಲೆ ತೆಳ್ಳಗೆ ಕೆಂಪು ಪದರ, ಹೊಸ ತಾಮ್ರದ ಚೊಂಬಿನ ಬಣ್ಣ. ಸುಣ್ಣ ಸಾಲದೆ ಉಳಿದ ಮೈಲುತುತ್ತದ ತಾಮ್ರ ಕಬ್ಬಿಣಕ್ಕೆ ಕೂತಿತ್ತು. ಅದೇ ತಾಮ್ರ ಮಿಳ್ಳೆಯನ್ನು ಸುಟ್ಟಿದ್ದು. ಕತ್ತಿ ಕೆಂಪಾಗದಷ್ಟು ಸುಣ್ಣ ಬೀಳಬೇಕು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಕ್ಕಲ್ಲ, ಕದಡುತ್ತಲೇ ಇರಬೇಕು, ಮಾಡಿದ ದಿನವೇ ಮುಗಿಸಬೇಕು, ಇಷ್ಟನ್ನು ಅರ್ಧ ತಾಸು ಕೂತು ಹೇಳಿದರು. ಅವರಿಗೆ ನಾನು ಯಾರೋ. ಮರ ಹತ್ತಿ ಮದ್ದು ಹೊಡೆಯುವ ನಮ್ಮ ಕೊನೆಗೌಡನಿಗೆ ಮರುದಿನ ಕತ್ತಿ ತೋರಿಸಿದೆ. ಈಗ ಅವನು ಯಾರ ತೋಟಕ್ಕೆ ಹೋದರೂ ಕತ್ತಿ ಅದ್ದದೆ ಮರ ಹತ್ತುವುದಿಲ್ಲ.

ಆ ವರ್ಷ ಮಳೆಯೂ ವಿಪರೀತ. ಎರಡನೆಯ ಮದ್ದಿಗೆ ಬಿಡುವೇ ಸಿಗದೆ ಕೊಳೆಯೂ ಬಂತು. ಅದಕ್ಕೆ ವಿಡಿಯೋವನ್ನು ದೂರುವುದಿಲ್ಲ. ಆದರೆ ಮೊದಲು ಸುಟ್ಟುಹೋದ ಮಿಳ್ಳೆ ನನ್ನ ಕೈಯಾರೆ ಆದದ್ದು. ನವೆಂಬರ್‌ನಲ್ಲಿ ಮತ್ತೆ ಚಂದಾ ಕಟ್ಟಿದೆ.

ಪತ್ರಿಕೆಯವರಿಂದ ಮನೆಗೆ ಬಂದ ಇನ್ನೊಂದು ವಸ್ತು ಬಾಕಾಹು, ಅಂದರೆ ಬಾಳೆಕಾಯಿ ಹುಡಿ. 2021ರ ಲಾಕ್‌ಡೌನ್‌ನಲ್ಲಿ ಬಾಳೆಗೆ ಕೇಳುವವರಿಲ್ಲ. ನಮ್ಮಲ್ಲಿ ಮಿಟ್ಗ ಬಾಳೆಯ ಗೊನೆಗಳು ದನದ ಬಾಯಿಗೆ ಹೋಗುತ್ತಿದ್ದವು. ಆಗ ಶ್ರೀಪಡ್ರೆಯವರು ಬಾಳೆಕಾಯಿ ಒಣಗಿಸಿ ಹಿಟ್ಟು ಮಾಡುವ ವಿಷಯವನ್ನು ವಾಟ್ಸಾಪ್‌ನಲ್ಲಿ ಎತ್ತಿದರು, ಅದು ನಮ್ಮ ಜಿಲ್ಲೆಯ ಹೆಂಗಸರ ಕೈಗೆ ಸಿಕ್ಕು ಬೆಂಕಿಯ ಹಾಗೆ ಹಬ್ಬಿತು. ಆ ಜುಲೈನ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರೇ ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರು ಬಾಳೆಕಾಯಿ ಹಿಟ್ಟಿನಲ್ಲಿ ದೋಸೆ, ಗುಲಾಬ್ ಜಾಮೂನು ಮಾಡುತ್ತಾರೆ ಅಂದರು. ಆಯಿಗೆ ಅವತ್ತು ಆದ ಸಂತೋಷ ಈಗಲೂ ಕಣ್ಣ ಮುಂದಿದೆ. ಅವಳು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಕಪ್ಪಾಗದಿರಲಿ ಅಂತ ಉಪ್ಪು ಹಾಕಿದ ಗಂಜಿತಿಳಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಅಡಿಕೆ ಡ್ರೈಯರ್‌ನಲ್ಲಿ ಒಣಗಿಸುತ್ತಿದ್ದಳು. ಕಡ್ಡಿಯ ಹಾಗೆ ಚಟ್ ಅಂತ ಮುರಿಯಬೇಕು, ಬಗ್ಗಿದರೆ ಇನ್ನೂ ಒಣಗಿಲ್ಲ ಅಂತ ಲೆಕ್ಕ. ಮಾರಿ ದೊಡ್ಡ ದುಡ್ಡು ಮಾಡಲಿಲ್ಲ. ಆದರೆ ಈಗಲೂ ಬಾಳೆಗೆ ರೇಟಿಲ್ಲದಾಗ ಗೊನೆ ಹಾಳಾಗುವುದಿಲ್ಲ, ಮನೆಯಲ್ಲಿ ವಾರಕ್ಕೊಮ್ಮೆ ಅದರ ದೋಸೆ ಇದ್ದೇ ಇದೆ. ವಾಟ್ಸಾಪ್ ಅಂದ ಕೂಡಲೇ ಕೆಟ್ಟದ್ದು ಅಂತ ನಾನು ಹೇಳದಿರುವುದು ಇದಕ್ಕೇ. ಯಾರು ನಡೆಸುತ್ತಾರೆ, ಹೇಳಿದ್ದನ್ನು ಮಾಡಿ ನೋಡಿದ್ದಾರಾ ಅನ್ನುವುದರ ಮೇಲೆ ಇದೆ.

ಹಾಗೆ ನಡೆಸದಿದ್ದರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅಂದರೆ ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ಹೊರದೇಶದಿಂದ ಒಳಗೆ ಬರುವ ಹಾಗಿಲ್ಲ, ಅಷ್ಟೇ. ನಾನಿರುವ ಒಂದು ಗುಂಪಿನಲ್ಲಿ ಅದು ‘ಅಡಿಕೆಗೆ 351 ಬೆಂಬಲ ಬೆಲೆ ಘೋಷಣೆ’ ಆಯಿತು. ಸರ್ಕಾರವೇ ಕೊಳ್ಳುತ್ತದೆ ಅಂತ ನಂಬಿದವರಿದ್ದರು. ನಮ್ಮ ಪಕ್ಕದ ಮನೆಯ ಮಾವ ಮಗಳ ಮದುವೆ ಖರ್ಚಿಗೆ ಚಾಲಿ (ಒಣಗಿಸಿದ ಹಣ್ಣಡಿಕೆ) ಮಾರಲು ಹೊರಟವರು ಚೀಲವನ್ನು ಗಾಡಿಯಿಂದ ಇಳಿಸಿ ಒಳಗಿಟ್ಟರು. ಎರಡು ಮಾತಿನ ವ್ಯತ್ಯಾಸ ನಾನು ಹೋಗಿ ಹೇಳಿದಾಗ ಅವರಿಗೆ ಬೇಜಾರಾಗಿದ್ದು ನೋಡಿ ನನಗೇ ಕಷ್ಟವಾಯಿತು. ಒಂದು ಪದ ತಪ್ಪಿದರೆ ಒಂದು ಮನೆಯ ಲೆಕ್ಕವೇ ತಪ್ಪುತ್ತದೆ. ಕೃಷಿ ಸುದ್ದಿ ಮಾಡುವವರು ಇದನ್ನು ತಿಳಿದುಕೊಳ್ಳಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಈ ಪತ್ರಿಕೆಯಿಂದ ಏನು ಸಿಗುವುದಿಲ್ಲ ಅಂತಲೂ ಹೇಳಬೇಕು. ತಿಂಗಳಿಗೊಮ್ಮೆ ಬರುವುದರಲ್ಲಿ ದಿನದ ಧಾರಣೆ ನಿರೀಕ್ಷೆ ಮಾಡಬೇಡಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅನ್ನುವ ಅಡಿಕೆ ಬಗೆಗಳ ರೇಟಿಗೆ ನಾನು ಶಿರಸಿ ಟಿ.ಎಸ್.ಎಸ್. (ತೋಟಗಾರರ ಸಹಕಾರಿ ಮಾರಾಟ ಸಂಘ) ದರವನ್ನೇ ನೋಡುವುದು. ಮಳೆಗೆ ಕಾರವಾರ ಆಕಾಶವಾಣಿ, ಜೊತೆಗೆ ಮೇಘದೂತ್ ಆ್ಯಪ್. ಆ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಹೊಸ ಸಲಹೆ ಬರುತ್ತದೆ. ಆದರೆ ಒಂದು ನೆನಪಿಡಿ, ನಮ್ಮದು ಕಡಲೂ ಘಟ್ಟವೂ ಇರುವ ಜಿಲ್ಲೆ. ಕಾರವಾರದಲ್ಲಿ ಸುರಿದ ದಿನ ಬನವಾಸಿಯಲ್ಲಿ ಬಿಸಿಲಿರಬಹುದು. ಹಾಗಾಗಿ ಮದ್ದು ಹೊಡೆಸುವ ದಿನ ನಾನು ಕೊನೆಗೆ ಕೇಳುವುದು ಕಡಲ ಬದಿಯ ಕುಮಟಾದಲ್ಲಿರುವ ತಂಗಿಯನ್ನು. “ಅಲ್ಲಿ ಮೋಡ ಹೆಂಗಿದ್ದು?”

ಇನ್ನೊಂದು, ಪತ್ರಿಕೆಗೆ ಬರೆಯುವವರಲ್ಲಿ ಘಟ್ಟದ ಕೆಳಗಿನ ದಕ್ಷಿಣ ಕನ್ನಡದ ಕಡೆಯವರು ಜಾಸ್ತಿ. ಅವರಿಗೆ ನಳ್ಳಿ ಅಂದರೆ ನಮಗೆ ಮಿಳ್ಳೆ. ಅವರು ಮದ್ದು ಬಿಡುತ್ತಾರೆ, ನಾವು ಹೊಡೆಸುತ್ತೇವೆ. ಅಷ್ಟಾದರೆ ಪರವಾಗಿಲ್ಲ, ಎರಡು ಸಂಚಿಕೆಗೆ ರೂಢಿಯಾಗುತ್ತದೆ. ಆದರೆ ಅಲ್ಲಿ ಹೆಚ್ಚಾಗಿ ಹಣ್ಣಡಿಕೆ ಒಣಗಿಸಿ ಚಾಲಿ ಮಾಡುತ್ತಾರೆ, ನಮ್ಮಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದೂ ಇದೆ. ಕೊಯ್ಲಿನ ಕಾಲ ಬೇರೆ, ಆಳಿನ ಲೆಕ್ಕ ಬೇರೆ. ಸೊಪ್ಪಿನ ಬೆಟ್ಟವಂತೂ ನಮ್ಮ ಕಡೆಯ ವ್ಯವಸ್ಥೆ. ಅಲ್ಲಿಯ ಗೊಬ್ಬರದ ಲೆಕ್ಕವನ್ನು ಹಾಗೆಯೇ ಎತ್ತಿ ಇಲ್ಲಿ ಇಟ್ಟರೆ ಕೂಡುವುದಿಲ್ಲ. ಕಾರ್ಬನ್ ಫೈಬರ್ ದೋಟಿಯ ಬಗ್ಗೆ ಓದಿ ಉತ್ಸಾಹದಿಂದ ನೋಡಲು ಹೋಗಿದ್ದೆ. ಸಮತಟ್ಟಾದ ತೋಟದಲ್ಲಿ ನೆಲದಲ್ಲಿ ನಿಂತೇ ಅಡಿಕೆ ಗೊನೆ ಇಳಿಸುತ್ತಾರೆ, ನಿಜಕ್ಕೂ ಒಳ್ಳೆಯ ವಸ್ತು, ಮರ ಹತ್ತುವವರು ಸಿಗದ ಈ ಕಾಲಕ್ಕೆ ಬೇಕೇ ಬೇಕು. ನಮ್ಮ ಎರಡು ಬೆಟ್ಟಗಳ ನಡುವಿನ ಇಕ್ಕಟ್ಟು ಕಣಿವೆಯಲ್ಲಿ, ಹಳೆಯ ಎತ್ತರದ ಮರಗಳಿಗೆ ಅದು ಪೂರ್ತಿ ಒಗ್ಗಲಿಲ್ಲ. ಹೊಸ ಗಿಡಗಳ ಭಾಗಕ್ಕೆ ಮಾತ್ರ ಬಳಸುತ್ತಿದ್ದೇವೆ. ಓದಿದ್ದನ್ನು ನಿಮ್ಮ ತೋಟದ ನೆಲಕ್ಕೆ ಹಿಡಿದು ನೋಡುವ ಕೆಲಸ ನಿಮ್ಮದೇ.

ಹಲಸಿನ ಬಗ್ಗೆ ಇವರು ಬರೆದಷ್ಟು ಯಾರೂ ಬರೆದಿಲ್ಲ. ವರ್ಷ ವರ್ಷ ಮುಖಪುಟದಲ್ಲಿ ಹಲಸು ಬರುತ್ತಿದ್ದಾಗ ಮೊದಲು ನನಗೂ ಇದನ್ನೇ ಇನ್ನೆಷ್ಟು ಸಲ ಓದುವುದು ಅನ್ನಿಸಿತ್ತು. ಆಮೇಲೆ ಶಿರಸಿಯಲ್ಲೇ ಹಲಸಿನ ಮೇಳಗಳು ನಡೆಯತೊಡಗಿದವು, ಬೆಟ್ಟದಲ್ಲಿ ಬಿದ್ದು ಕೊಳೆಯುತ್ತಿದ್ದ ಹಣ್ಣನ್ನು ಕೇಳಿಕೊಂಡು ಜನ ಬಂದರು. ಒಂದೇ ವಿಷಯವನ್ನು ಬಿಡದೆ ಹಿಡಿದರೆ ಏನಾಗುತ್ತದೆ ಅಂತ ಆಗ ಗೊತ್ತಾಯಿತು.

ಯಾರಿಗೆ ಬೇಕು? ತೋಟದಲ್ಲಿ ಸ್ವತಃ ಓಡಾಡುವವರಿಗೆ, ಊರಿಗೆ ಹೊಸದಾಗಿ ಮರಳಿ ಬಂದವರಿಗೆ ಖಂಡಿತ ಬೇಕು. ಅಪ್ಪ ಅಮ್ಮ ಊರಲ್ಲಿದ್ದು ಬೆಂಗಳೂರಿನಿಂದ ತೋಟ ನೋಡಿಕೊಳ್ಳುವವರು ಊರಿನ ವಿಳಾಸಕ್ಕೆ ಕಟ್ಟಿ. ಬರೀ ರೇಟು ಸಾಕು ಅನ್ನುವವರಿಗೆ ಬೇಡ.

ಕಟ್ಟಿದ ಮೇಲೆ ಒಂದು ಕೆಲಸ ಮೊದಲ ತಿಂಗಳಿಂದಲೇ ಮಾಡಿ, ನಾನು ತಡವಾಗಿ ಶುರು ಮಾಡಿದ್ದು. 200 ಪುಟದ ಒಂದು ನೋಟ್‌ಬುಕ್ ಇಟ್ಟು, ಸಂಚಿಕೆ ಓದಿದ ದಿನವೇ ವಿಷಯ, ತಿಂಗಳು, ಪುಟ, ಆ ಕೃಷಿಕರ ನಂಬರ್ ಬರೆದಿಡಿ. ಫೋನ್ ಮಾಡಿದ್ದರೆ ಅವರು ಹೇಳಿದ್ದನ್ನೂ ಪಕ್ಕದಲ್ಲಿ ಬರೆಯಿರಿ. ನನ್ನದರಲ್ಲಿ ‘ಬೋರ್ಡೋ’ ಅನ್ನುವಲ್ಲಿ ಆ ಹಿರಿಯರ ನಂಬರ್ ಇದೆ, ಅದರ ಕೆಳಗೆ ‘ಕತ್ತಿ ಅದ್ದಿ ನೋಡು’ ಅಂತ ಇದೆ. ಪ್ರತಿ ಜೂನ್‌ನಲ್ಲಿ ಮೊದಲ ಮದ್ದು ಮುಗಿದ ಸಂಜೆ ಅವರಿಗೊಂದು ಫೋನ್ ಮಾಡುತ್ತೇನೆ. ಈ ಸಲ ಅವರ ಮಗ ಎತ್ತಿ, ಅಪ್ಪನಿಗೆ ಕಿವಿ ಮಂದವಾಗಿದೆ, ಸ್ವಲ್ಪ ಜೋರಾಗಿ ಮಾತಾಡಿ ಅಂತ ಹೇಳಿ ಕೊಟ್ಟರು.