ಬಿಜಿ-2 ಹತ್ತಿ ಬೀಜ: 901 ರೂಪಾಯಿಯ ಪಾಕೀಟಿನಲ್ಲಿ ಏನಿದೆ, ಏನಿಲ್ಲ

ಹಾವೇರಿ, ರಾಣೆಬೆನ್ನೂರಿನ ಬೀಜದ ಅಂಗಡಿಗಳಲ್ಲಿ "ಹುಳ ಬೀಳಂಗಿಲ್ರಿ" ಅಂತ ಹೇಳಿಯೇ ಬಿಜಿ-2 ಪಾಕೀಟು ಕೊಡುತ್ತಾರೆ. ಬಿಜಿ-2 ಅಂದರೆ ಬೋಲ್‌ಗಾರ್ಡ್-2, ಕಾಯಿಕೊರಕಕ್ಕೆ ವಿಷವಾಗುವ ಎರಡು ಬ್ಯಾಕ್ಟೀರಿಯಾ ವಂಶವಾಹಿ ಸೇರಿಸಿದ ಬಿಟಿ ಹತ್ತಿ. ಯಾವ ಹುಳ ಅಂತ ಮಾತ್ರ ಹೇಳುವುದಿಲ್ಲ. ಹಸಿರು ಕಾಯಿಕೊರಕಕ್ಕೆ ಆ ಮಾತು ಇಂದಿಗೂ ಬಹುಮಟ್ಟಿಗೆ ಸಲ್ಲುತ್ತದೆ. ಗುಲಾಬಿ ಕಾಯಿಕೊರಕಕ್ಕೆ ಸಲ್ಲುವುದಿಲ್ಲ.

ಪಾಕೀಟಿನ ತೂಕ 475 ಗ್ರಾಂ. 2025-26ಕ್ಕೆ ಸರ್ಕಾರ ಗೊತ್ತು ಮಾಡಿದ ಗರಿಷ್ಠ ದರ 901 ರೂಪಾಯಿ. ಒಳಗೆ ಸುಮಾರು ಐದು ಸಾವಿರ ಬೀಜ ಇರುತ್ತವೆ. 3×2 ಅಡಿ ಅಂತರದಲ್ಲಿ ಎಕರೆಗೆ 7,260 ಗುಣಿ ಬೀಳುವುದರಿಂದ, ಗುಣಿಗೆ ಒಂದೇ ಬೀಜ ಊರಿದರೂ ಒಂದೂವರೆ ಪಾಕೀಟು ಬೇಕು. ಹುಸಿ ಹೋದಲ್ಲಿ ತುಂಬಲು ಎರಡು ಕೊಳ್ಳುವುದೇ ಲೇಸು. ಹುಳ ವಿಷಕ್ಕೆ ಒಗ್ಗಿಕೊಳ್ಳದಿರಲೆಂದು ಕೊಡುವ ಬಿಟಿಯಲ್ಲದ ಬೀಜ ಮೊದಲು 120 ಗ್ರಾಂನ ಬೇರೆ ಪೊಟ್ಟಣದಲ್ಲಿ ಬರುತ್ತಿತ್ತು. ಅದನ್ನು ಹೊಲದ ಸುತ್ತ ಹಾಕದೆ ಬದುವಿಗೆ ಎಸೆದವರೇ ಹೆಚ್ಚು. ಈಗ ಶೇ. 5ರಿಂದ 10ರಷ್ಟು ಒಳಗೇ ಬೆರೆಸಿರುತ್ತಾರೆ, ಒಳ್ಳೆಯ ಬದಲಾವಣೆ. ಹಾಗಾಗಿ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಹುಳ ಕಂಡರೆ ಬೀಜ ಕಲಬೆರಕೆ ಎಂದು ಅಂಗಡಿಯವನ ಮೇಲೆ ಏರಿ ಹೋಗಬೇಕಿಲ್ಲ.

ಗುಲಾಬಿ ಹುಳ ಇದಕ್ಕೆ ಜಗ್ಗದಿರಲು ಈ ಬೀಜ ಹೈಬ್ರಿಡ್ (ಎರಡು ತಳಿ ಕೂಡಿಸಿದ್ದು) ಆಗಿರುವುದೂ ಒಂದು ಕಾರಣ. ವಿಷ ಮಾಡುವ ಕ್ರೈ1ಎಸಿ, ಕ್ರೈ2ಎಬಿ ಎರಡೂ ವಂಶವಾಹಿ ಒಂದೇ ಪೋಷಕ ಗಿಡದಿಂದ ಬಂದಿದ್ದರೆ, ಕಾಯಿಯೊಳಗಿನ ಪ್ರತಿ 16 ಬೀಜದಲ್ಲಿ ಎರಡೂ ಇರುವುದು ಸರಾಸರಿ 9ರಲ್ಲಿ. 6ರಲ್ಲಿ ಒಂದೊಂದೇ, ಉಳಿದ ಒಂದರಲ್ಲಿ ಯಾವುದೂ ಇಲ್ಲ. ಈ ಹುಳ ತಿನ್ನುವುದು ಬೀಜವನ್ನೇ. ಒಂದೇ ಕಾಯಿಯಲ್ಲಿ ಅದಕ್ಕೆ ವಿಷವೂ ಸಿಗುತ್ತದೆ, ಊಟವೂ ಸಿಗುತ್ತದೆ, ನಿರೋಧಕತೆಯ ಪಾಠಶಾಲೆ ಇದ್ದ ಹಾಗೆ. ಮನೆಯಲ್ಲಿ ಉಳಿಸಿದ ಬೀಜ ಬಿತ್ತಬಾರದು ಎನ್ನುವುದೂ ಇದೇ ಲೆಕ್ಕಕ್ಕೆ. ಗಿಡಕ್ಕೆ ನೂರು ದಿನ ದಾಟಿದ ಮೇಲೆ ಅದರಲ್ಲಿ ಕ್ರೈ1ಎಸಿ ವಿಷದ ಪ್ರಮಾಣವೂ ಇಳಿಯುತ್ತದೆ.

ಆದ್ದರಿಂದ ತಳಿ ಆರಿಸುವಾಗ ಕಾಯಿಯ ಗಾತ್ರಕ್ಕಿಂತ ಅವಧಿ ನೋಡಿ. 150 ದಿನದೊಳಗೆ ಮುಗಿಯುವುದನ್ನು ಜೂನ್‌ನಲ್ಲಿ ಬಿತ್ತಿ, ಡಿಸೆಂಬರ್‌ಗೆ ಕಟ್ಟಿಗೆ ಕಿತ್ತುಬಿಡಿ. ಕುಂದಗೋಳ, ಗದಗ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ನಡುವೆ ಹತ್ತಿ ಹಾಕಿ ಫೆಬ್ರವರಿ ದಾಟಿಸುತ್ತಾರಲ್ಲ, ಆ ಪದ್ಧತಿಗೆ ಈ ಬೀಜ ಒಗ್ಗುವುದಿಲ್ಲ. ಅಲ್ಲಿ ನಾಟಿ ಹತ್ತಿ ತಳಿ ಜಯಧರವೇ ಸರಿ.

45 ದಿನಕ್ಕೆ ಎಕರೆಗೆ ಗುಲಾಬಿ ಹುಳದ ಪತಂಗ ಸೆಳೆಯುವ ಎರಡು ಮೋಹಕ ಬಲೆ ಕಟ್ಟಿ. ಬಲೆಗೆ ದಿನಕ್ಕೆ 8 ಪತಂಗದಂತೆ ಮೂರು ದಿನ ಸತತ ಬಿದ್ದರೆ, ಅಥವಾ 20 ಹಸಿರು ಕಾಯಿ ಸೀಳಿದಾಗ ಎರಡರಲ್ಲಿ ಜೀವಂತ ಹುಳ ಸಿಕ್ಕರೆ, ಲೀಟರ್ ನೀರಿಗೆ 2 ಮಿ.ಲೀ. ಪ್ರೊಫೆನೊಫಾಸ್ 50 ಇಸಿ ಕೀಟನಾಶಕ ಬೆರೆಸಿ ಹೊಡೆಯಿರಿ. ಎಸಳು ಬಿಚ್ಚದೆ ಮುದುಡಿದ ಹೂವುಗಳನ್ನು ಆರಿಸಿ ನಾಶ ಮಾಡಬೇಕು. ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕ ಬೇಗ ಹೊಡೆದರೆ ಬಿಳಿನೊಣ ಏಳುತ್ತದೆ.

ರಸ ಹೀರುವ ಜಿಗಿಹುಳ, ಥ್ರಿಪ್ಸ್ ನುಸಿಗೆ ಬಿಟಿ ಏನೂ ಮಾಡದು. ಬೀಜಕ್ಕೆ ಲೇಪಿಸಿದ ಇಮಿಡಾಕ್ಲೋಪ್ರಿಡ್ ಕೀಟನಾಶಕ ಮೂರು-ನಾಲ್ಕು ವಾರ ಕಾಯುತ್ತದೆ, ಅಷ್ಟೇ.

ಕೊಳ್ಳುವಾಗ ಲಾಟ್ ನಂಬರು, ವಾಯಿದೆ ದಿನಾಂಕ ನೋಡಿ, ಲಾಟ್ ನಂಬರು ಬರೆದ ರಸೀದಿ ಪಡೆಯಿರಿ. ಕಳೆನಾಶಕ ಹೊಡೆದರೂ ಸಾಯದ ಹತ್ತಿ ಎಂದು ರಸೀದಿ ಇಲ್ಲದೆ ಮಾರುವ ಬೀಜಕ್ಕೆ ದೇಶದಲ್ಲಿ ಅನುಮತಿಯೇ ಇಲ್ಲ. ಬೆಳೆ ಕೆಟ್ಟರೆ ಕೇಳಲು ದಾಖಲೆಯೂ ಇರುವುದಿಲ್ಲ.

1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿ ಕೊಟ್ಟ ಧಾರವಾಡದ ಸೀಮೆಯಲ್ಲಿ ಹತ್ತಿ ಬೀಜವನ್ನು ಮೊದಲು ಎಳೆ ನೋಡಿ ಕೊಳ್ಳುತ್ತಿದ್ದರು, ಈಗ ಹುಳದ ಭಯಕ್ಕೆ ಕೊಳ್ಳುತ್ತಾರೆ. ಐದಕ್ಕೆ ಮೂರು ಅಂಕ: ಎರಡೂವರೆ ಅಂಕ ಹಸಿರು ಕಾಯಿಕೊರಕ ತಡೆದಿದ್ದಕ್ಕೆ, ಅರ್ಧ ಅಂಕ ಬಿಟಿಯಲ್ಲದ ಬೀಜವನ್ನು ಒಳಗೇ ಬೆರೆಸಿದ್ದಕ್ಕೆ.