ಸ್ಕೂಲ್ ಶುರುವಾಗೋ ಮುಂಚೆ ಮಕ್ಕಳ ಹಲ್ಲು: ಡೆಂಟಲ್ ಕಾಲೇಜಾ, ಏರಿಯಾ ಕ್ಲಿನಿಕ್ಕಾ?

ಜೂನ್ ಹತ್ರ ಬಂತು, ಯೂನಿಫಾರ್ಮು ಶೂ ಎಲ್ಲಾ ತಗೊಂಡಾಯ್ತು, ಮಗು ಹಲ್ಲೂ ಒಂದ್ಸಲ ತೋರಿಸ್ಬಿಡಿ. ನಾವು ಎರಡೂ ಕಡೆ ಹೋಗಿದೀವಿ, ಅದಕ್ಕೇ ಹೇಳ್ತಿದೀನಿ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಕ್ಯಾಂಪಸ್ಸಲ್ಲಿರೋ ಸರ್ಕಾರಿ ಡೆಂಟಲ್ ಕಾಲೇಜಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇದೆ, ಖರ್ಚು ತುಂಬಾ ಕಮ್ಮಿ, ನಾವು ಹೋದಾಗ ಪಿಜಿ ಡಾಕ್ಟರ್ ನೋಡಿದ್ಮೇಲೆ ಸೀನಿಯರ್ ಬಂದು ಇನ್ನೊಂದ್ಸಲ ನೋಡಿದ್ರು, ಆದ್ರೆ ಬೆಳಗ್ಗೇನೇ ಹೋಗಿ ಚೀಟಿ ಮಾಡಿಸ್ಬೇಕು, ಅರ್ಧ ದಿನ ಹೋಗುತ್ತೆ, ಅದಕ್ಕೆ ರಜೆ ಮುಗಿಯೋದ್ರೊಳಗೆ ಹೋಗೋದೇ ವಾಸಿ. ಏರಿಯಾ ಕ್ಲಿನಿಕ್ಕಲ್ಲಿ ಸಂಜೆ ಅಪಾಯಿಂಟ್‌ಮೆಂಟ್ ಸಿಗುತ್ತೆ, ಗದ್ದಲ ಇರಲ್ಲ, ಹೆದರೋ ಮಗೂಗೆ ಅದೇ ಹಿತ. ದುಡ್ಡು ಜಾಸ್ತಿ.

ಎಲ್ಲೇ ಹೋದ್ರೂ ಕೇಳ್ಲೇಬೇಕಾದ್ದು ಒಂದಿದೆ. 6 ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಬರುತ್ತೆ, ಯಾವ ಹಲ್ಲೂ ಬೀಳದೇನೇ ಬರೋದ್ರಿಂದ ಅದನ್ನೂ ಹಾಲು ಹಲ್ಲು ಅಂದ್ಕೊಂಡು ಸುಮ್ನಿದ್ಬಿಡ್ತೀವಿ, ಆದ್ರೆ ಅದು ಜೀವನಪೂರ್ತಿ ಇರ್ಬೇಕಾದ ಹಲ್ಲು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದಾಗ ನನ್ ಮಗಳ ಆ ಹಲ್ಲಿನ ಗೆರೆಯೊಳಗೆ ಬಿಸ್ಕೆಟ್ ಮೆತ್ಕೊಂಡಿತ್ತು, ಅಷ್ಟು ಸಣ್ಣ ಸಂದಿಗೆ ಬ್ರಷ್ಷಿನ ಎಳೆ ಹೋಗಲ್ಲ. ಆ ಗೆರೆ ಮುಚ್ಚೋಕೆ ಸೀಲೆಂಟ್ ಅಂತ ಒಂದು ತೆಳು ಲೇಪ ಹಾಕ್ತಾರೆ, ಅದನ್ನೇ ಕೇಳ್ಬೇಕು, ಇಂಜೆಕ್ಷನ್ ಇಲ್ಲ, ನೋವಿಲ್ಲ. ನಾವು ಕಾಲೇಜಲ್ಲೇ ಹಾಕಿಸಿದ್ವಿ.

ಊತ, ನೋವು ಇದ್ರೆ ಮಾತ್ರ ಕಾಯ್ಬೇಡಿ, ಹತ್ರದ ಕ್ಲಿನಿಕ್ಕಿಗೆ ಅವತ್ತೇ ಕರ್ಕೊಂಡ್ ಹೋಗಿ. ಬರೀ ಚೆಕಪ್ಪು, ಸೀಲೆಂಟು ಅಂದ್ರೆ ನನ್ ಓಟು ಕಾಲೇಜಿಗೇ.